ಏಳುವ ವಿದ್ಯೆ

“ವಸ್ತಾದರೇ, ಗೆದ್ದು ಬಂದವಳು ನಾನು. ಈ ಎಳೆ ಹುಡುಗಿಯರ ಕೈಯಲ್ಲಿ ನಾನು ಯಾಕೆ ಬೀಳಬೇಕು?”

ಕಿರಿಯರೊಡನೆ ಬಿದ್ದು ಏಳುವ ಅಭ್ಯಾಸ ಮಾಡು ಎಂದದ್ದಕ್ಕೆ ಹೀಗೆ ಕೇಳಿದವಳು ಗರಡಿಯ ಹಿರಿಯ ಶಿಷ್ಯೆ ತುಂಗವ್ವ. ಚೀಲ ಆಗಲೇ ಹೆಗಲೇರಿತ್ತು. ಉತ್ತರ ಹಿಡಿಸದಿದ್ದರೆ ಬೇರೆ ಗರಡಿಗೆ ಹೊರಡುವವಳು. ಕುಸ್ತಿ ಕಲಿಸುವ ವಸ್ತಾದರು ಅಖಾಡದ ಮಣ್ಣು ಸಡಿಲಿಸುತ್ತಲೇ ಕತೆ ಹೇಳಿದರು.

ಕಂಪ್ಯೂಟರಿನಲ್ಲಿ ಕಾದಾಟದ ಆಟ ಕಟ್ಟುವವನೊಬ್ಬನಿದ್ದ. ಅವನು ಒಬ್ಬ ಜಟ್ಟಿಯನ್ನು ಮಾಡಿದ. ಆ ಜಟ್ಟಿಗೆ ಬರುತ್ತಿದ್ದುದು ಎರಡೇ: ಒಂದು ಗುದ್ದು, ಮತ್ತು ಬಿದ್ದರೆ ಅಂಗೈ ನೆಲಕ್ಕೂರಿ ಏಳುವುದು. ಗುದ್ದು ಬೇಗ ಕೂಡಿಬಂತು. ಏಳುವುದು ಸುಲಭಕ್ಕೆ ಬರಲಿಲ್ಲ. ಅದಕ್ಕಾಗಿ ಅವನು ಮನೆಯ ನಡುವೆ ತಾನೇ ಬಿದ್ದು ಎದ್ದು ನೋಡಿದ. ಹೆಂಡತಿ, “ನಿಮಗೇನು ಬಂತು ರೋಗ?” ಎಂದಳು.

ಆಟ ಜನರಿಗೆ ಹಿಡಿಸಿತು. ಎರಡನೆಯ ಆಟದಲ್ಲಿ ಜಟ್ಟಿ ಹಾರಿ ಒದೆಯಲು ಕಲಿತ. ಮೂರನೆಯದರಲ್ಲಿ ಅವನ ತೋಳು ಕಂಬದಷ್ಟಾಯಿತು. ಆಮೇಲಿನದರಲ್ಲಿ ಅಂಗೈಯಿಂದ ಬೆಂಕಿ ಹೊರಟಿತು. ನಮ್ಮ ಜಟ್ಟಿಯ ಬೆನ್ನಿಗೆ ಮಣ್ಣು ತಾಗಬಾರದು ಎಂದು ಆಡುವವರು ಹಟ ಹಿಡಿದರು. ಅವನನ್ನು ಕೆಡವಬಲ್ಲ ಎದುರಾಳಿ ಒಬ್ಬನೂ ಉಳಿಯಲಿಲ್ಲ. ಬೀಳದವನಿಗೆ ಏಳುವ ವಿದ್ಯೆ ಯಾಕೆ ಎಂದು ಆಟ ಕಟ್ಟಿದವನು ಅದನ್ನು ತೆಗೆದುಹಾಕಿದ. ಬೆಂಕಿಗೆ ಇನ್ನಷ್ಟು ಜಾಗ ಸಿಕ್ಕಿತು.

ಆಟದ ಹುಟ್ಟುಹಬ್ಬ ಬಂತು. ಅವನು ಮೊದಲ ಆಟದ ಜಟ್ಟಿಯನ್ನು ತಂದು ಹೊಸ ಜಟ್ಟಿಯ ಎದುರು ನಿಲ್ಲಿಸಿದ. ನೋಡಲು ಜನ ಸೇರಿದರು. ಹೊಸಬ ಒದ್ದ; ಹಳಬ ಬಿದ್ದ, ಅಂಗೈ ಊರಿ ಎದ್ದ. ಹೊಸಬ ಬೆಂಕಿ ಬಿಟ್ಟ; ಹಳಬ ಬಿದ್ದ, ಎದ್ದ. ಜನ ನಕ್ಕರು. ಹೊಸಬ ಮತ್ತೆ ಹಾರಿ ಒದ್ದಾಗ ಹಳಬ ಇನ್ನೂ ಏಳುತ್ತಲೇ ಇದ್ದ. ಒದೆ ಅವನ ತಲೆಯ ಮೇಲಿಂದ ಹೋಯಿತು. ಹೊಸಬ ತನ್ನ ಭಾರಕ್ಕೆ ತಾನೇ ಬಿದ್ದ.

ಜನ ಕಾದರು. ಆಟ ಕಟ್ಟಿದವನು ಇದ್ದ ಗುಂಡಿಗಳನ್ನೆಲ್ಲ ಒತ್ತಿದ. ಬಿದ್ದಲ್ಲಿಂದಲೇ ಬೆಂಕಿ ಬಂತು. ಜಟ್ಟಿ ಏಳಲಿಲ್ಲ.

ವಸ್ತಾದರು ಕತೆ ಅಲ್ಲಿಗೆ ನಿಲ್ಲಿಸಿದರು. ತುಂಗವ್ವನಿಗೆ ತಡೆಯಲಾಗಲಿಲ್ಲ. “ಅಷ್ಟೇನಾ? ಅವನಿಗೆ ಏಳುವುದನ್ನು ಮತ್ತೆ ಕಲಿಸಬಹುದಿತ್ತಲ್ಲ!”

“ಕಲಿಸಲು ಕರೆದರೆ ತಂಗಿ, ಆ ಜಟ್ಟಿ ‘ಗೆದ್ದು ಬಂದವನು ನಾನು, ಯಾಕೆ ಬೀಳಬೇಕು’ ಅಂದನಂತೆ.”