ಒಂಬತ್ತು ವರ್ಷದ ಗದ್ದೆ

೧೯೩೭ನೆಯ ಇಸವಿ, ಏಪ್ರಿಲ್ ಹದಿನಾರು, ಶುಕ್ರವಾರ. ಬೆಳಗಿನಿಂದ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನಾಲ್ಕು ಹನಿ ಬಿದ್ದು ನಿಂತಿತು.

ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ, ನದಿಯೊಂದು ಸಮುದ್ರ ಸೇರುವುದಕ್ಕೆ ನಾಲ್ಕು ಹರದಾರಿ ಮೊದಲು, ಎಡದಂಡೆಯಲ್ಲಿ ಒಂದು ಜೌಗು ಬಯಲಿದೆ. ಆಳೆತ್ತರದ ಆಪು ಹುಲ್ಲು ಬೆಳೆದು ನಿಂತಿರುವ ಆ ಬಯಲಿನ ಸುತ್ತ ಮಣ್ಣಿನ ಏರಿ ಇದೆ. ಏರಿ ಎರಡು ಕಡೆ ಬಾಯಿಬಿಟ್ಟಿತ್ತು, ಮತ್ತೆ ಮುಚ್ಚಿದ ಗುರುತು ಇದೆ. ಮುಚ್ಚಿದ ಮಣ್ಣಿನ ಬಣ್ಣವೇ ಬೇರೆ. ನೀರು ಇಳಿದಾಗ ಕೆಸರಿನಲ್ಲಿ ಒಂದು ದೊಡ್ಡ ಮರದ ತೂಬು ಕಾಣುತ್ತದೆ. ಸುತ್ತಲಿನ ಕರಿಯ ಜನ ಈ ಬಯಲನ್ನು 'ಒಂಬತ್ತು ವರ್ಷದ ಗದ್ದೆ' ಎಂದು ಕರೆಯುತ್ತಾರೆ. ಸರಕಾರದ ನಕ್ಷೆಯಲ್ಲಿ ಆ ಹೆಸರಿಲ್ಲ. ಗದ್ದೆ ಮಾಡಲು ಒಂಬತ್ತು ವರ್ಷ ಹಿಡಿಯಿತೆಂದು ಕೆಲವರು ತಿಳಿದಿದ್ದಾರೆ, ಒಂಬತ್ತು ವರ್ಷ ಬರ ಬಿದ್ದಿತ್ತೆಂದು ಕೆಲವರು. ಎರಡೂ ನಿಜವಲ್ಲ.

ಆ ದಿನ ಏರಿಯ ಮೇಲೆ ಇಬ್ಬರು ನಿಂತಿದ್ದರು. ಒಬ್ಬಳು ಪಕ್ಕದ ಊರಿನ ಕರಿಯ ಮಕ್ಕಳ ಶಾಲೆಯ ಉಪಾಧ್ಯಾಯಿನಿ ಲವೀನಿಯಾ. ಇನ್ನೊಬ್ಬಳು ಎಂಬತ್ತು ದಾಟಿದ ಬೈನಾ. ಆ ಕಡೆ ಹಿರಿಯ ಹೆಂಗಸರನ್ನು 'ಮಾಮ್' ಎನ್ನುವುದು ವಾಡಿಕೆಯಾದ್ದರಿಂದ ಊರಿಗೆಲ್ಲ ಅವಳು ಮಾಮ್ ಬೈನಾ. ಸುಮಾರು ನೂರೈವತ್ತು ವರ್ಷಗಳ ಹಿಂದೆ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕ್ಯಾಪ್ಟನ್ ಹಾಲ್ಡನ್ ಎಂಬಾತ ಆಂಗ್ಲರ ಹದಿನಾರು ಗಾಡಿಗಳನ್ನು ಹಿಡಿದದ್ದು ಇಲ್ಲೇ. ಅವನ ಹೆಸರಿನ ಫಲಕವೊಂದು ಏರಿಯ ಮೇಲೆ ಏಳುವುದಿತ್ತು. ಅದಕ್ಕೆಂದು ಹಳೆಯ ಕಾಗದಗಳನ್ನು ಓದುವಾಗ ಲವೀನಿಯಾಳಿಗೆ ಬೇರೆ ಎರಡು ಸಾಲು ಸಿಕ್ಕಿದ್ದವು. ಕ್ವಾಕೊ ಎಂಬ ಗುಲಾಮನಿಗೆ ಆ ದಿನದ ಸೇವೆಗಾಗಿ ಬಿಡುಗಡೆ ಕೊಡತಕ್ಕದ್ದೆಂದು ಒಂದು ಸಾಲು. ಅವನನ್ನು ಬಿಟ್ಟಿರುವುದಾಗಿ ಇನ್ನೊಂದು. ಎರಡರ ನಡುವೆ ಒಂಬತ್ತು ವರ್ಷಗಳ ಅಂತರ. ಆ ಒಂಬತ್ತು ವರ್ಷ ಏನಾಯಿತೆಂದು, ಹಿರಿಯರ ಬಾಯಿಂದ ಕಥೆ ಕೇಳಿದ್ದ ಮಾಮ್ ಬೈನಾಳನ್ನು ಕೇಳಲು ಅವಳು ಬಂದಿದ್ದಳು.

"ಕಾಗದದಲ್ಲಿ ಏನು ಬರೆದಿದೆ ಅಂತ ಮೊದಲು ನೀನು ಹೇಳು," ಎಂದಳು ಮಾಮ್ ಬೈನಾ. ಲವೀನಿಯಾ ಎರಡು ಸಾಲನ್ನೂ ಓದಿದಳು. "ಅಷ್ಟೇನಾ? ಸರಿ, ಆ ಕಲ್ಲಿನ ಮೇಲೆ ಕೂತ್ಕೋ. ನಿನ್ನ ಬೂಟು ಹಾಳಾಗುತ್ತೆ."

ಅವಳು ಹೇಳಿದ ಕಥೆ ಇದು. ಹಿಂದೆ ಒಮ್ಮೆ, ಆ ದೇಶ ಇನ್ನೂ ಆಂಗ್ಲ ದೊರೆಯ ಕೈಯಲ್ಲಿದ್ದ ಕಾಲದಲ್ಲಿ, ಆ ಬಯಲು ತಾರ್ನ್‌ಲಿ ಎಂಬ ಧಣಿಯದು. ಅರವತ್ತೊಂದು ಜನ ಗುಲಾಮರು ಅಲ್ಲಿ ಭತ್ತ ಬೆಳೆಯುತ್ತಿದ್ದರು. ನಮ್ಮ ಕರಾವಳಿಯ ಗಜನಿ ಗದ್ದೆಗಳನ್ನು ಕಂಡವರಿಗೆ ಅಲ್ಲಿನ ಬೇಸಾಯ ಬೇಗ ತಿಳಿದೀತು. ದಿನಕ್ಕೆ ಎರಡು ಸಲ ಉಬ್ಬರ ಬಂದು ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ಮೇಲೆ ಸಿಹಿನೀರು, ಅಡಿಯಲ್ಲಿ ಉಪ್ಪುನೀರು. ಸಿಹಿನೀರು ತೂಬಿನ ಮಟ್ಟಕ್ಕೆ ಏರಿದಾಗ ಹಲಗೆ ಎತ್ತಬೇಕು, ಉಪ್ಪು ತಲುಪುವ ಮೊದಲು ಇಳಿಸಬೇಕು. ಗಳಿಗೆ ತಪ್ಪಿದರೆ ಆ ವರ್ಷದ ಪೈರು ಹೋಯಿತು, ಮುಂದಿನ ಎರಡು ವರ್ಷದ್ದೂ ಹೋಯಿತು. ನಮ್ಮಲ್ಲಿ ಕೆರೆಯ ತೂಬಿಗೆ ನೀರಗಂಟಿ ಇದ್ದಂತೆ ಅಲ್ಲಿಯೂ ಒಬ್ಬನಿದ್ದ. ಅವನೇ ಕ್ವಾಕೊ. ಆಫ್ರಿಕದ ಭತ್ತದ ಸೀಮೆಯಲ್ಲಿ ಹುಟ್ಟಿ, ಹದಿನೈದನೆಯ ವಯಸ್ಸಿನಲ್ಲಿ ಹಡಗಿನಲ್ಲಿ ಬಂದವನು. ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಗೆಯ ತುದಿಗೆ ಮುಟ್ಟಿಸಿ, ಉಪ್ಪು ಎಷ್ಟು ಮೊಳ ದೂರದಲ್ಲಿದೆ ಎಂದು ಹೇಳುತ್ತಿದ್ದನಂತೆ. ಅಂಥ ನೀರಗಂಟಿಗಳಿಗೆ ಒಂದು ಕಟ್ಟುಪಾಡಿತ್ತು. ಅವರು ಉಪ್ಪು ತಿನ್ನುವಂತಿರಲಿಲ್ಲ. ಖಾರವಿಲ್ಲ, ಹೊಗೆಸೊಪ್ಪಿಲ್ಲ, ಮದ್ಯವಿಲ್ಲ. ಕ್ವಾಕೊನ ಹೆಂಡತಿ ಮಿಂಬಾ ಅವನಿಗೆಂದೇ ಬೇರೆ ಮಡಕೆಯಲ್ಲಿ ಸಪ್ಪೆ ಗಂಜಿ ಬೇಯಿಸುತ್ತಿದ್ದಳು. ಅವಳನ್ನು ಪಟ್ಟಣದಲ್ಲಿ ದೋಣಿ ನಡೆಸುತ್ತಿದ್ದ ಅವಳ ಅಣ್ಣ ಹಣ ಕೊಟ್ಟು ಬಿಡಿಸಿಕೊಂಡಿದ್ದ. ಅವಳು ಹೊಳೆಯ ಆಚೆ ದಡದಲ್ಲಿ ಸ್ವತಂತ್ರಳಾಗಿ ಗುಡಿಸಲು ಕಟ್ಟಿಕೊಂಡಿದ್ದಳು. ದಿನವೂ ದೋಣಿಯಲ್ಲಿ ಗಂಜಿ ತಂದು ಕೊಟ್ಟು ಹೋಗುವಳು. ಗಂಡ ಈಚೆ, ಹೆಂಡತಿ ಆಚೆ. ಆ ಹೊಳೆಯನ್ನು ಯಾರ ಅಪ್ಪಣೆಯೂ ಇಲ್ಲದೆ ದಾಟುವುದೊಂದೇ ಕ್ವಾಕೊನ ಆಸೆ.

ಯುದ್ಧ ನದಿಯವರೆಗೂ ಬಂದ ವರ್ಷ ತಾರ್ನ್‌ಲಿ ಧಣಿ ಒಳನಾಡಿನ ನೆಂಟರ ಮನೆ ಸೇರಿದ. ಸುಗ್ಗಿ ಮುಗಿಯುತ್ತಲೇ ಆಂಗ್ಲರ ದಂಡು ಬಂದು ಭತ್ತವನ್ನು ಗಾಡಿಗಳಿಗೆ ತುಂಬಿಸಿತು. ಗುಲಾಮರನ್ನೆಲ್ಲ ಕಣಜದ ಕೊಟ್ಟಿಗೆಗೆ ಕೂಡಿ ಬೀಗ ಹಾಕಿತು. ಬಿಡುಗಡೆ ಕೊಡುತ್ತೇವೆಂದು ದಂಡಿನವರು ಸಾರಿದ್ದೇನೋ ನಿಜ. ಹಿಂದಿನ ವರ್ಷ ಅದೇ ಮಾತು ನಂಬಿ ಹೋದ ಕ್ವಾಕೊನ ತಮ್ಮನನ್ನು ಕಬ್ಬಿನ ದ್ವೀಪಗಳಿಗೆ ಮಾರಿದ್ದರೆಂಬ ಸುದ್ದಿಯೂ ಬಂದಿತ್ತು. ಬಾಗಿಲು ಯಾವ ಕಡೆಯದಾದರೂ ಬೀಗ ಒಂದೇ ಎಂಬುದು ಅವನಿಗೆ ಮನದಟ್ಟಾಗಿತ್ತು. ತೂಬು ನೋಡಿಕೊಳ್ಳಲು ಒಬ್ಬನಾದರೂ ಬೇಕೆಂದು ಅವನನ್ನು ಮಾತ್ರ ಹೊರಗೆ ಬಿಟ್ಟಿದ್ದರು.

ಕ್ಯಾಪ್ಟನ್ ಹಾಲ್ಡನ್ ಮೂವತ್ತು ಜನರೊಂದಿಗೆ ಜೌಗಿನೊಳಗೆ ಅಡಗಿದ್ದ. ಅವರ ಬಳಿ ತಿನ್ನಲು ಗೆಣಸೂ ಉಳಿದಿರಲಿಲ್ಲ. ಕ್ವಾಕೊ ಉಬ್ಬರ ಇಳಿದ ಹೊತ್ತಿನಲ್ಲಿ ಕಾಲುವೆಯೊಳಗೆ ನಡೆದು ಅವನಿದ್ದಲ್ಲಿಗೆ ಹೋದ. ಗಾಡಿಗಳು ನಾಳೆ ಬೆಳಿಗ್ಗೆ ಏರಿಯ ಮೇಲೆ ಹೊರಡುತ್ತವೆ, ನಾಳೆ ಹುಣ್ಣಿಮೆಯ ಉಬ್ಬರ, ದೋಣಿಗಳನ್ನು ಸಿದ್ಧವಾಗಿಡಿ ಎಂದ.

"ಇದು ಆಗಿಬಿಟ್ಟರೆ ನೀನು ಯಾರ ಆಳೂ ಅಲ್ಲ. ನನ್ನ ಮಾತು," ಎಂದ ಕ್ಯಾಪ್ಟನ್.

"ಆ ಮಾತು ನನಗೆ ಬೇಡ ದೊರೆ, ನನ್ನ ಧಣಿಗೆ ಹೇಳಿ. ನಾನು ಈಗಲೇ ನಂಬಿದೀನಿ."

ಕ್ಯಾಪ್ಟನ್ ನಕ್ಕ. ಕ್ವಾಕೊ ನಗಲಿಲ್ಲ ಎನ್ನುತ್ತಾರೆ.

ಮರುದಿನ ಹದಿನಾರು ಗಾಡಿ, ಒಂದು ಫಿರಂಗಿ, ಎಪ್ಪತ್ತು ಜನ ಸಿಪಾಯಿಗಳು ಏರಿಯ ಮೇಲೆ ಸಾಲಾಗಿ ಹೊರಟರು. ಕೊಟ್ಟಿಗೆಯ ಜನರನ್ನು ಹಗ್ಗ ಕಟ್ಟಿ ಹಿಂದೆ ನಡೆಸಿ ತರುವುದೆಂದು ಗೊತ್ತಾಗಿತ್ತು. ಆ ವರ್ಷ ಮಳೆ ಕಡಿಮೆಯಾಗಿ ನದಿ ಸೊರಗಿತ್ತು, ಉಪ್ಪು ಎಂದಿಗಿಂತ ಮೇಲಕ್ಕೆ ಬಂದಿತ್ತು. ಕ್ವಾಕೊ ನೀರನ್ನು ನಾಲಗೆಗೆ ಮುಟ್ಟಿಸಿದ. ಕಡಲನ್ನೇ ಬೊಗಸೆಯಲ್ಲಿ ಹಿಡಿದಂತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಅಂಥ ನೀರನ್ನು ಅವನು ಒಳಗೆ ಬಿಟ್ಟವನಲ್ಲ. ಗಾಡಿಗಳು ನಡು ಏರಿಗೆ ಬರುವುದನ್ನು ಕಾದು ಮುಂದಿನ ತೂಬಿನ ಹಲಗೆ ಎತ್ತಿದ, ಪಕ್ಕದ ಮಣ್ಣನ್ನು ಗುದ್ದಲಿಯಿಂದ ಕಡಿದ. ಆಮೇಲೆ ಗದ್ದೆಯ ಒಳಗಿನಿಂದ ಓಡಿ ಹಿಂದಿನ ತೂಬಿಗೂ ಅದನ್ನೇ ಮಾಡಿದ. ಉಳಿದದ್ದನ್ನು ಉಬ್ಬರವೇ ಮಾಡಿತು. ಎರಡು ಕಡೆಯೂ ಏರಿ ಒಡೆದು, ನಡುವಿನ ತುಂಡು ದ್ವೀಪವಾಯಿತು. ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಬರಲು ದಾರಿಯಿಲ್ಲ. ಎತ್ತುಗಳು ಕೊರಳೆತ್ತಿ ಅರಚುತ್ತಿದ್ದವು, ಸಿಪಾಯಿಗಳು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಹಾಲ್ಡನ್‌ನ ದೋಣಿಗಳು ಆಪಿನ ನಡುವಿನಿಂದ ಹೊರಬಂದಾಗ ಗುಂಡು ಹಾರಿಸುವಷ್ಟು ಒಣಗಿದ ಮದ್ದು ಸಿಪಾಯಿಗಳಲ್ಲಿ ಯಾರ ಬಳಿಯೂ ಇರಲಿಲ್ಲ. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಕೊಟ್ಟಿಗೆಯ ಬೀಗ ಒಡೆಯಿತು.

ಯುದ್ಧ ಗೆದ್ದ ಮೇಲೆ ಹಾಲ್ಡನ್ ತನ್ನ ಮಾತನ್ನು ಶಾಸನಸಭೆಯವರೆಗೂ ಒಯ್ದದ್ದು ನಿಜ. ಕ್ವಾಕೊನನ್ನು ಬಿಡಬೇಕು, ಅವನ ಬೆಲೆಯನ್ನು ಧಣಿಗೆ ಸರಕಾರ ಕೊಡುತ್ತದೆ ಎಂದು ಆಜ್ಞೆ ಆಯಿತು. ತಾರ್ನ್‌ಲಿ ಬೆಲೆಯನ್ನು ತೆಗೆದುಕೊಂಡ. ಆಮೇಲೆ, ಕೆಟ್ಟ ಗದ್ದೆಗೆ ಯಾರು ಹೊಣೆ ಎಂದು ಕೇಳಿದ. ಒಡೆದ ಏರಿಯೊಳಗೆ ವಾರಗಟ್ಟಲೆ ಉಪ್ಪುನೀರು ನಿಂತು ಹುಲ್ಲೂ ಹುಟ್ಟದಂತಾಗಿತ್ತು. ಉಪ್ಪು ಬಿಟ್ಟವನೇ ಉಪ್ಪು ತೊಳೆಯಲಿ; ಗದ್ದೆ ಸಿಹಿಯಾಗಿದೆ ಎಂದು ನೆರೆಯ ಇಬ್ಬರು ಗೌರವಸ್ಥರು ಹೇಳಿದ ದಿನ ಅವನು ಹೋಗಲಿ ಎಂದ. ಸಭೆಗೂ ಇದು ನ್ಯಾಯವೆಂದೇ ತೋರಿತು. ಹಾಲ್ಡನ್ ಪಶ್ಚಿಮದಲ್ಲಿ ಭೂಮಿ ಹಿಡಿದು ಹೊರಟುಹೋದ. ಅಲ್ಲಿಂದ ಎರಡು ಪತ್ರ ಬರೆದ, ಮೂರನೆಯದು ಬರಲಿಲ್ಲ.

ಕ್ವಾಕೊ ಏರಿ ಕಟ್ಟಿದ. ಸಿಹಿನೀರು ಬಿಟ್ಟು, ನಿಲ್ಲಿಸಿ, ಬಸಿದು, ಮತ್ತೆ ಬಿಟ್ಟ. ಮೂರನೆಯ ವರ್ಷದ ಕೊನೆಗೆ ಮಣ್ಣು ಸಿಹಿಯಾಯಿತು. ಅವನಿಗದು ಗೊತ್ತಿತ್ತು. ಆದರೆ ಗುಲಾಮನ ಮಾತು ಅಲ್ಲಿ ಸಾಕ್ಷಿಯಲ್ಲ. ಸುಗ್ಗಿಯ ನಂತರ ನೆರೆಯ ಗೌರವಸ್ಥರಿಬ್ಬರು ಬಂದರು. ದೊಡ್ಡಮನೆಯಲ್ಲಿ ಹೊಗೆಯಾಡಿಸಿದ ಹಂದಿಮಾಂಸ, ಉಪ್ಪುಮೀನು, ಬ್ರಾಂದಿ ಎಲ್ಲ ಆಯಿತು. ಆಮೇಲೆ ಏರಿಯವರೆಗೆ ನಡೆದು, ಬಸಿಗಾಲುವೆಯಲ್ಲಿ ಬೆರಳದ್ದಿ ಬಾಯಿಗಿಟ್ಟುಕೊಂಡರು.

"ಇನ್ನೂ ಉಪ್ಪಿದೆ," ಎಂದರು.

ನಾಲ್ಕನೆಯ ವರ್ಷ ಭತ್ತ ಸೊಂಟದೆತ್ತರ ಬಂತು. ಅದನ್ನು ಕುಯ್ದು ಗದ್ದೆಯಲ್ಲೇ ಹೊರೆ ಕಟ್ಟಿದ್ದರು. ಆ ಹೊರೆಗಳ ಪಕ್ಕದಲ್ಲಿ ನಿಂತು ಗೌರವಸ್ಥರು ಬೆರಳು ನೆಕ್ಕಿ, ಇನ್ನೂ ಉಪ್ಪಿದೆ ಎಂದರು. ಐದನೆಯ ವರ್ಷ ಕ್ವಾಕೊ ಟೋಪಿ ಕೈಯಲ್ಲಿ ಹಿಡಿದು ಧಣಿಯ ಮುಂದೆ ನಿಂತ.

"ಧಣಿ, ಈ ಸಲ ಅವರು ಊಟಕ್ಕೆ ಮುಂಚೆ ಬರಲಿ."

"ಹಸಿದ ಹೊಟ್ಟೇಲಿ ಯಾರಾದರೂ ನ್ಯಾಯ ಹೇಳ್ತಾರೇನೋ ಕ್ವಾಕೊ?" ಎಂದು ಧಣಿ ನಕ್ಕ. ಆದರೂ ಆ ವರ್ಷ ಊಟಕ್ಕೆ ಮುಂಚೆಯೇ ಕರೆತಂದ. ಇಬ್ಬರ ದವಡೆಯಲ್ಲೂ ಹೊಗೆಸೊಪ್ಪಿನ ಉಂಡೆಯಿತ್ತು. ಗದ್ದೆಯ ನೀರು ಅವರ ಬಾಯಿಗೆ ಕಹಿಯಾಗಿ ಕಂಡಿತು. ಕಹಿಯೂ ಒಂದು ಬಗೆಯ ಉಪ್ಪೇ ಎಂದು ತೀರ್ಮಾನವಾಯಿತು.

ಆರನೆಯ ವರ್ಷ ಮಿಂಬಾ ಗಂಜಿ ಕೊಡುವಾಗ ಕೇಳಿದಳು: "ಒಂದು ಸಂಜೆ ದೋಣಿ ಹತ್ತಿಬಿಡು. ಅಣ್ಣ ನೋಡ್ಕೋತಾನೆ."

"ಓಡಿಹೋದ್ರೆ ನಾಯಿ ಬಿಟ್ಟು ಹುಡುಕ್ತಾರೆ. ಸಿಕ್ಕಿದ್ರೆ ನಿನ್ನ ಬಿಡುಗಡೆ ಕಾಗದವನ್ನೂ ಹರೀತಾರೆ."

"ಮತ್ತೆ ಎಷ್ಟು ವರ್ಷ ಹೀಗೇ ಸಪ್ಪೆ ಬೇಯಿಸ್ಲಿ?"

ಕ್ವಾಕೊ ಮಡಕೆಯನ್ನು ಬಳಿದು ತಿಂದ.

ಎಂಟನೆಯ ವರ್ಷದ ಸುಗ್ಗಿ ಆ ಸೀಮೆಯಲ್ಲೇ ದೊಡ್ಡದೆನಿಸಿತು. ಧಣಿ ಬ್ರಾಂದಿ ಕುಡಿದು ಸಂತೋಷದಲ್ಲಿದ್ದ. ತೂಬಿನ ಬಳಿಗೆ ತಾನೇ ಬಂದು ಕ್ವಾಕೊನ ಹೆಗಲ ಮೇಲೆ ಕೈಯಿಟ್ಟ. "ನಾನು ಕೆಟ್ಟವನಲ್ಲ ಕಣೋ. ಈ ನದಿಯುದ್ದಕ್ಕೂ ಹುಡುಕಿದೀನಿ. ನಿನ್ನಂಥ ನಾಲಗೆ ಇನ್ನೊಂದಿಲ್ಲ. ನೀನೇ ಹೇಳು, ಹೇಗೆ ಬಿಡ್ಲಿ?" ಅದು ಪ್ರೀತಿಯಿಂದಲೇ ಆಡಿದ ಮಾತು ಎನ್ನುತ್ತಾರೆ. ಆ ಚಳಿಗಾಲವೆಲ್ಲ ಕ್ವಾಕೊ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ, ತಿರುಗಿ ಬರುತ್ತಿದ್ದ. ಹಿಂದೆ ಎಪ್ಪತ್ತು ಜನರನ್ನು ತಾನೇ ಕಟ್ಟಿಹಾಕಿದ್ದ ತುಂಡು ಅದು.

ಒಂಬತ್ತನೆಯ ವರ್ಷದ ವಸಂತದಲ್ಲಿ ಮೊದಲ ನೀರು ಬಿಡುವ ದಿನ ಒಂದು ವಿಚಿತ್ರ ನಡೆಯಿತು. ಕ್ವಾಕೊ ನೀರು ಮುಟ್ಟಿ ಹಲಗೆ ಎತ್ತಿದ. ಒಳಗೆ ಬಂದದ್ದು ಉಪ್ಪು. ಬೇರೆ ಯಾರೋ ಕಂಡು ಕೂಗಿ ಹಲಗೆ ಇಳಿಸದಿದ್ದರೆ ಎಲ್ಲ ಗದ್ದೆಗಳೂ ಹೋಗುತ್ತಿದ್ದವು. ಧಣಿ ಓಡಿಬಂದ. ಇವನು ಬೇಕೆಂದೇ ಮಾಡಿದ್ದಾನೆಂದು ಮೊದಲು ಚಾವಟಿ ತರಿಸಿದ. ಕ್ವಾಕೊ ಬಾಯಿ ತೆರೆದು ತೋರಿಸಿದ. ಧಣಿ ಚಾವಟಿ ಇಳಿಸಿ, ಅಡುಗೆಮನೆಯಿಂದ ಒಂದು ಲೋಟ ನೀರು ತರಿಸಿ, ತಾನೇ ಹಿಡಿ ಉಪ್ಪು ಕಲಕಿ ಕೊಟ್ಟ. ಕ್ವಾಕೊ ಅದನ್ನು ಗಂಜಿಯಂತೆ ನಿಧಾನವಾಗಿ, ಹುಬ್ಬೂ ಅಲುಗದಂತೆ ಪೂರ್ತಿ ಕುಡಿದು ಲೋಟ ಹಿಂದಕ್ಕೆ ಕೊಟ್ಟ.

ಸುಗ್ಗಿಯವರೆಗೂ ಕಾಯಲಿಲ್ಲ. ಅದೇ ಸಂಜೆ ಗೌರವಸ್ಥರಿಬ್ಬರಿಗೂ ಕರೆ ಹೋಯಿತು. ಅವರು ಕುದುರೆಯಿಂದ ಇಳಿಯಲೂ ಇಲ್ಲ, ಬೆರಳು ಅದ್ದಲೂ ಇಲ್ಲ. ಗದ್ದೆ ಸಿಹಿಯಾಗಿದೆ ಎಂದು ಬರೆದ ಕಾಗದಕ್ಕೆ ಜೀನಿನ ಮೇಲೆಯೇ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಮಿಂಬಾಳ ದೋಣಿ ಗಂಜಿಯ ಮಡಕೆಯಿಲ್ಲದೆ ಬಂತು.

ಮಾಮ್ ಬೈನಾ ಮಾತು ನಿಲ್ಲಿಸಿ ಗದ್ದೆಯತ್ತ ನೋಡುತ್ತ ಕುಳಿತಳು. ಆಪು ಅಲುಗುತ್ತಿರಲಿಲ್ಲ. ಬಂದವರಿಗೆ ಇಂದಿಗೂ ಕಾಣುವುದು ಇಷ್ಟೇ: ಬಣ್ಣ ಬೇರೆಯಾದ ಮಣ್ಣಿನ ಎರಡು ತುಂಡು, ಕೆಸರಿನಲ್ಲಿ ಆ ತೂಬು, ತೂಬಿನ ಪಕ್ಕದಲ್ಲಿ ಸುಟ್ಟು ಕಪ್ಪಾದ ಮೂರು ಒಲೆಗಲ್ಲು. ಹಲಗೆಯ ಸಂದಿಗೆ ಮೆತ್ತುವ ರಾಳವನ್ನು ಆ ಕಲ್ಲುಗಳ ಮೇಲೆ ಕಾಯಿಸುತ್ತಿದ್ದರು.

"ಬಾಯಿ ತೆರೆದು ಏನು ತೋರಿಸಿದ, ಮಾಮ್?" ಎಂದು ಲವೀನಿಯಾ ಕೇಳಿದಳು.

"ಅದಕ್ಕೆ ಹಿಂದಿನ ವಾರ ಅಲ್ಲಿ ರಾಳ ಕಾಯಿಸ್ತಾ ಇದ್ದ. ಕುದಿಯೋವರೆಗೂ ಕಾದ. ಸೌಟು ಎತ್ತಿ ನಾಲಗೆ ಮೇಲೆ ಇಟ್ಕೊಂಡ."

ಲವೀನಿಯಾ ಆ ಒಲೆಗಲ್ಲುಗಳತ್ತ ತಿರುಗಿದಳು. "ತಾನಾಗೇ?"

"ಇನ್ಯಾರು ಇಡ್ತಾರೆ ಮಗಳೆ? ಉಳಿದವರಿಗೆಲ್ಲ ಆ ನಾಲಗೆ ಬೇಕಾಗಿತ್ತು."