ತೋಡಿನೊಳಗಿನ ಮಸಿ

"ಬುದ್ಧಿ, ಪೂಜೆಗೆ ಕೂರುವುದನ್ನು ಬಿಟ್ಟುಬಿಡಲೇ?"

ಶಿಷ್ಯ ಮುದ್ದಯ್ಯ ಹೀಗೆ ಕೇಳುವಾಗ ಅವನ ಬಟ್ಟೆಯ ಗಂಟು ಆಗಲೇ ಮಠದ ಜಗಲಿಗೆ ಬಂದಿತ್ತು. ಗುರುಗಳು ಗಂಟನ್ನು ನೋಡಿದರು, ಅವನನ್ನು ನೋಡಿದರು. ಯಾಕೆ ಎಂದು ಕೇಳುವ ಮೊದಲೇ ಅವನೇ ಹೇಳಿದ.

"ದೇವರ ಮುಂದೆ ಕೂತರೆ ನನ್ನ ಕೊಳಕೇ ಕಣ್ಣಿಗೆ ಬೀಳುತ್ತದೆ. ಬಂದ ಹೊಸದರಲ್ಲಿ ಒಂದೋ ಎರಡೋ ತಪ್ಪು ಕಾಣುತ್ತಿದ್ದವು. ತಿದ್ದಿಕೊಂಡೆ. ಈಗ ಎಲ್ಲಿ ನೋಡಿದರೂ ಕಪ್ಪೇ. ಕೂರದ ದಿನ ಮನಸ್ಸು ತಿಳಿನೀರಿನ ಹಾಗಿರುತ್ತದೆ. ಇಷ್ಟು ಜನರ ನಡುವೆ ನಾನೊಬ್ಬನೇ ಹೀಗೆ, ಬುದ್ಧಿ."

ಗುರುಗಳು ವಿಭೂತಿಯ ಗಟ್ಟಿಯನ್ನು ಬದಿಗಿಟ್ಟು ಈ ಕತೆ ಹೇಳಿದರು.

ಗುಡ್ಡಗಾಡಿನ ಒಂದು ಸೀಮೆ. ಒಂದು ಗುಡ್ಡಕ್ಕೆ ಒಂದೇ ಮನೆ. ಕೂಗಿದರೆ ಕೇಳಿಸದು. ಅದಕ್ಕೇ ಆ ಜನ ಕೋವಿಯಿಂದ ಮಾತಾಡಿಕೊಳ್ಳುತ್ತಿದ್ದರು. ಮಗು ಹುಟ್ಟಿದರೆ ಒಂದು ಗುಂಡು. ಕೇಳಿಸಿಕೊಂಡವರು ತಾವೂ ಒಂದು ಹಾರಿಸಿ ಹರಸುವರು. ಸಾವಾದರೆ ಒಂದರ ಹಿಂದೆ ಒಂದು, ಎರಡು. ಎರಡು ಕೇಳಿದರೆ ಸಾಕು, ಉಣ್ಣುತ್ತಿದ್ದವನೂ ಕೈ ತೊಳೆದು ಹೆಣ ಹೊರಲು ಹೊರಡುವನು.

ಅಲ್ಲೊಬ್ಬ ರೈತ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವನೂ ಹಾಸಿಗೆ ಹಿಡಿದ ತಂದೆಯೂ ಇಬ್ಬರೇ. ಅವರ ಕೋವಿಯ ಮರವನ್ನು ಗೆದ್ದಲು ತಿಂದಿತ್ತು. ಕಬ್ಬಿಣದ ನಳಿಗೆ ಮಾತ್ರ ಉಳಿದಿತ್ತು.

"ಮಗಾ, ಅದಕ್ಕೊಂದು ಮರ ಮಾಡಿಸು," ಎಂದ ತಂದೆ. "ನಾನು ಹೋದರೆ ನಾಲ್ಕು ಜನಕ್ಕೆ ತಿಳಿಯಬೇಡವೇ?"

ರೈತ ನಳಿಗೆಯನ್ನು ಹೊತ್ತು ಬಡಗಿಯ ಬಳಿಗೆ ಹೋದ. ಬಡಗಿ ಹೊನ್ನೆಯ ತುಂಡಿನಲ್ಲಿ ಕೋವಿಯ ಮರ ಕೆತ್ತಿ, ನಳಿಗೆ ಕೂರಲು ಉದ್ದಕ್ಕೂ ತೋಡು ತೆಗೆದ. ಆಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಗೆ ಬಳಿದ. ತೋಡಿನಲ್ಲಿಟ್ಟು ಒತ್ತಿದ, ಎತ್ತಿದ. ಮರಕ್ಕೆ ಎರಡು ಕಡೆ ಮಸಿ ಹತ್ತಿತ್ತು. ಅಷ್ಟನ್ನೇ ಉಳಿಯಿಂದ ಕೂದಲೆಳೆಯಷ್ಟು ಹೆರೆದ. ಮತ್ತೆ ಬಳಿದ, ಒತ್ತಿದ, ಎತ್ತಿದ.

"ಇನ್ನೂ ಕೂತಿಲ್ಲ. ಹೋಗಿ ಬಾ," ಎಂದ.

ರೈತ ಮತ್ತೆ ಬಂದಾಗ ತೋಡಿನಲ್ಲಿ ಮಸಿ ಗೇಣುದ್ದ ಹರಡಿತ್ತು. ಮುಂದಿನ ಸಲ ಮೊಳದುದ್ದ.

"ಏನಣ್ಣಾ, ಹೆರೆದಷ್ಟೂ ಹೊಲಸು ಹೆಚ್ಚುತ್ತಿದೆಯಲ್ಲ! ಇದು ಕೋವಿಯೋ, ನಿನ್ನ ಒಲೆಯ ಮೇಲಿನ ಅಟ್ಟವೋ?"

"ಹೆಚ್ಚಲಿ ಬಿಡಪ್ಪ. ಅವಸರ ಮಾಡಬೇಡ."

ರೈತನಿಗೆ ಅವಸರವಿತ್ತು. ತಂದೆಯ ಉಸಿರು ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಬಡಗಿ ಬೇಡವೆಂದರೂ ಕೇಳದೆ ಮರವನ್ನೂ ನಳಿಗೆಯನ್ನೂ ಎತ್ತಿಕೊಂಡು ಬಂದ. ಬಡಗಿ ಮಸಿ ಹೆರೆಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಮಸಿ ಹೋದರೆ ಕೆಲಸ ಮುಗಿಯಿತು ಎಂದುಕೊಂಡ. ಒಂದು ಚುಕ್ಕೆಯೂ ಉಳಿಯದಂತೆ ಕೆರೆದು ಕೆರೆದು ತೆಗೆದ. ತೋಡು ಶುಭ್ರವಾಯಿತು. ತಂದೆಗೆ ತೋರಿಸಿದ. ಮುದುಕ ಅದನ್ನು ಸವರಿ, "ಚೆನ್ನಾಗಿದೆ ಮಗಾ" ಎಂದ. ರೈತ ನಳಿಗೆಯನ್ನು ಅದರಲ್ಲಿಟ್ಟು ತಗಡಿನ ಪಟ್ಟಿಯಿಂದ ಬಿಗಿದ.

ಒಂದು ಬೆಳಿಗ್ಗೆ ದೇವರು ಮುದುಕನನ್ನು ಕರೆದುಕೊಂಡ. ರೈತ ಅಂಗಳಕ್ಕೆ ಬಂದು, ಮದ್ದು ತುಂಬಿ, ಆಕಾಶಕ್ಕೆ ಗುಂಡು ಹಾರಿಸಿದ. ಕೆರೆದು ಸಡಿಲವಾದ ತೋಡಿನಲ್ಲಿ ಆಸರೆಯಿಲ್ಲದೆ ನಳಿಗೆ ಹಿಂದಕ್ಕೆ ಒದೆಯಿತು. ಮರ ಸೀಳಿಹೋಯಿತು. ಎರಡನೆಯ ಗುಂಡು ಹಾರಲಿಲ್ಲ.

ಅವನು ತಂದೆಯ ಪಕ್ಕ ಕೂತು ದಾರಿ ನೋಡಿದ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದೂರದ ಗುಡ್ಡದಿಂದ ಒಂದು ಗುಂಡಿನ ಸದ್ದು ಬಂತು. ಆಮೇಲೆ ಇನ್ನೊಂದು ಗುಡ್ಡದಿಂದ ಒಂದು. ಆಗ ಅವನಿಗೆ ತಿಳಿಯಿತು. ಸೀಮೆಯೆಲ್ಲ ಅವನ ಕೂಸನ್ನು ಹರಸುತ್ತಿತ್ತು.

ಹೆಣವನ್ನು ಒಂಟಿಯಾಗಿ ಬಿಟ್ಟು ಹೋಗುವ ಪದ್ಧತಿ ಅಲ್ಲಿಲ್ಲ. ಬಾಯಿ ಒಣಗುವವರೆಗೆ ಕೂಗಿದ. ಗುಡ್ಡ ಅವನ ದನಿಯನ್ನೇ ಅವನಿಗೆ ಹಿಂತಿರುಗಿಸಿತು. ನಡುನಡುವೆ ಒಂದೊಂದು ಹರಸುವ ಗುಂಡು. ಒಂದೊಂದಕ್ಕೂ ಅವನು ತಂದೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಹೊತ್ತು ಇಳಿಯುವಾಗ ನೆರೆಗುಡ್ಡದ ಮುದುಕಿಯೊಬ್ಬಳು ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದಳು. ಅಂಗಳದಿಂದಲೇ ಕೂಗಿದಳು.

"ಏನೋ ಅಪ್ಪನಾದವನೇ, ಕೂಸಿಗೂ ಅಜ್ಜನ ಮೊಂಡು ಮೂಗೇ ಬಂತೇನೋ?"

ರೈತ ಬಾಗಿಲಿನಿಂದ ಸರಿದು ನಿಂತ. ಮುದುಕಿ ಒಳಗೆ ನೋಡಿದಳು. ಬೆಲ್ಲವನ್ನು ಜಗಲಿಯ ಮೇಲಿಟ್ಟು, ಜನರನ್ನು ಕರೆತರಲು ಬಂದ ದಾರಿಯಲ್ಲೇ ಇಳಿದಳು.

ತಂದೆಯನ್ನು ಮಣ್ಣು ಮಾಡಿದ ಮೇಲೆ ಅವನು ಸೀಳಿದ ಮರವನ್ನು ಒಯ್ದು ಬಡಗಿಯ ಮುಂದಿಟ್ಟ. ಬಡಗಿ ಬಯ್ಯಲಿಲ್ಲ. ತೋಡಿನೊಳಗೆ ಬೆರಳಾಡಿಸಿದ.

"ಮಸಿ ಹೊಲಸಲ್ಲಪ್ಪ. ಕಬ್ಬಿಣ ಮರವನ್ನು ಮುಟ್ಟಿದ ಕಡೆ ಹತ್ತುತ್ತದೆ, ಅಷ್ಟೇ. ಮೊದಲು ಎರಡು ಕಡೆ ಮುಟ್ಟುತ್ತದೆ. ಉಬ್ಬಿದ್ದನ್ನು ಹೆರೆದಷ್ಟೂ ಹೆಚ್ಚು ಹೆಚ್ಚು ಮುಟ್ಟುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಕಪ್ಪಾದರೆ ಎರಡೂ ಒಂದಾದವು ಎಂದು ಲೆಕ್ಕ. ಆ ದಿನ ನಾನೇ ತಂದುಕೊಡುತ್ತಿದ್ದೆ."

ಗುರುಗಳು ಕತೆ ನಿಲ್ಲಿಸಿದರು. ಮುದ್ದಯ್ಯನ ಕೈ ಇನ್ನೂ ಗಂಟಿನ ಮೇಲೇ ಇತ್ತು.

"ಈಗ ನೀನು ಹೇಳು ಕಂದ, ಕೂತಾಗಲೆಲ್ಲ ನಿನ್ನನ್ನು ಮುಟ್ಟುತ್ತಿರುವವನು ಯಾರು?"