ನಡೆಮಡಿಯ ಮೇಲೆ ಯಾರ ಕಾಲೂ ಬೀಳಬಾರದು

ಕಿವಿ ಒಗೆದು ಒಣಗಿಸಿಕೊಂಡು ಕೂತಿದ್ದೀರಾದರೆ ಹೇಳುತ್ತೇನೆ.

ಒಂದೂರಲ್ಲಿ ಕೆಂಚವ್ವ ಅಂತ ಒಬ್ಬ ಮಡಿವಾಳಗಿತ್ತಿ. ಅವಳಿಗೆ ಮಾಚ ಅಂತ ಒಬ್ಬನೇ ಮಗ. ಮೈಯಲ್ಲಿ ಎತ್ತಿನ ಕಸುವು, ತಲೆಯಲ್ಲಿ ಎತ್ತಿನಷ್ಟೂ ಬುದ್ಧಿ ಇಲ್ಲ. ನಿಲ್ಲು ಅಂದರೆ ನಿಂತ, ಹೋಗು ಅಂದರೆ ಹೋದ. ಎಲ್ಲಿವರೆಗೆ ಅಂತ ಹೇಳದಿದ್ದರೆ ಊರು ದಾಟಿ ಹೋದ. ಹೇಳಿದ್ದು ಮಾಡಲಿಲ್ಲ ಅಂತ ಅವನನ್ನು ಯಾರೂ ಬೈಯುವ ಹಾಗಿರಲಿಲ್ಲ. ಹೇಳಿದ್ದನ್ನೇ ಮಾಡಿದ ಅಂತ ಕೆಂಚವ್ವ ದಿನಾ ಬೈಯುತ್ತಿದ್ದಳು.

ಆ ಊರಲ್ಲಿ ಮದುವಣಿಗ ಚಪ್ಪರಕ್ಕೆ ಬರುವಾಗ ಬರೀ ನೆಲ ತುಳಿಯಬಾರದು. ಮಡಿವಾಳರು ಅವನ ಮುಂದೆ ಬಿಳಿ ಬಟ್ಟೆ ಹಾಸುತ್ತಾ ಹೋಗಬೇಕು, ಅವನು ಅದರ ಮೇಲೆ ನಡೆದು ಬರಬೇಕು. ಅದಕ್ಕೆ ನಡೆಮಡಿ ಅಂತ ಹೆಸರು. ಕೆಂಚವ್ವನ ಅತ್ತೆ ಹಾಸಿದ್ದಳು, ಅತ್ತೆಯ ಅತ್ತೆ ಹಾಸಿದ್ದಳು. ಈಗ ಪಟೇಲರ ಮಗಳ ಮದುವೆ ಗೊತ್ತಾಗಿತ್ತು. ಪೆಟ್ಟಿಗೆ ತೆಗೆದು ನೋಡಿದರೆ ನಡೆಮಡಿ ಹಳೇ ಹಲ್ಲಿನ ಹಾಗೆ ಹಳದಿಗಟ್ಟಿತ್ತು. ಸಾಲದ್ದಕ್ಕೆ ಕೆಂಚವ್ವ ಒಗೆಯೋ ಕಲ್ಲಿನ ಮೇಲೆ ಜಾರಿ ಬಿದ್ದು, ಬಲಗೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಕೂತಿದ್ದಳು.

ಪಟೇಲರ ಹೆಂಡತಿ ತಾಯಮ್ಮ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಪೇಟೆಯ ಲಾಂಡ್ರಿಯವನು ಬ್ಲೀಚಿಂಗ್ ಪುಡಿ ಹಾಕಿ ಒಂದೇ ಗಳಿಗೆಯಲ್ಲಿ ಬೆಳ್ಳಗೆ ಮಾಡುತ್ತಾನಂತೆ, ನೀನೂ ಹಾಕು ಅಂದಳು. ಕೆಂಚವ್ವ ತಲೆ ಅಲ್ಲಾಡಿಸಿದಳು.

"ಪುಡಿ ಬಿಳುಪು ಕೊಡುತ್ತೆ ಅಮ್ಮಾವ್ರೇ, ನೂಲಿನ ಜೀವ ತಗೊಳ್ಳುತ್ತೆ. ನಿಮ್ಮ ಅಳಿಯನ ಹೆಬ್ಬೆಟ್ಟು ನಡೆಮಡಿ ಹರಿದುಕೊಂಡು ನೆಲಕ್ಕೆ ತಾಗಿದರೆ ಒಳ್ಳೇದಾ?"

"ಹಾಗಾದ್ರೆ ನಿನ್ನ ದಾರೀಲೇ ಮಾಡು," ಅಂದಳು ತಾಯಮ್ಮ. "ಮದುವೆ ದಿನ ಮಲ್ಲಿಗೆ ಪಕ್ಕ ಇಟ್ಟು ನೋಡ್ತೀನಿ. ಒಂದು ಚೂರು ಮಾಸಲು ಕಂಡ್ರೂ ಲಾಂಡ್ರಿಯವನು ತನ್ನ ಬಟ್ಟೆ ತಂದು ಹಾಸ್ತಾನೆ. ಆಮೇಲೆ ಈ ಊರಲ್ಲಿ ಅವನೇ ಹಾಸ್ತಾನೆ."

ಅವತ್ತಿಂದ ಕೆಂಚವ್ವನಿಗೆ ಬಟ್ಟೆಯದೇ ಧ್ಯಾನ. ಮಾನ ಇದ್ದದ್ದು ಆ ಬಟ್ಟೆಯಲ್ಲಿ, ಆ ಬಟ್ಟೆ ಇದ್ದದ್ದು ಮಾಚನ ಕೈಯಲ್ಲಿ.

ಮೊದಲು ಕೊಳೆ ಬಿಡಿಸುವ ಸವುಳು ಮಣ್ಣಿನ ನೀರಲ್ಲಿ ಬಟ್ಟೆ ನೆನೆಯಬೇಕು. ಬಾನಿಯಲ್ಲಿ ಮುಳುಗಿಸು, ಹೊತ್ತು ಇಳಿಯುವವರೆಗೆ ಅದಕ್ಕೆ ಕೈ ಹಚ್ಚಬೇಡ ಅಂದಳು. ಮಾಚ ಮುಳುಗಿಸಿದ, ಕೈ ಹಿಂದೆ ಕಟ್ಟಿಕೊಂಡು ನಿಂತ. ಉಪ್ಪುಪ್ಪಾದ ಸವುಳಿನ ವಾಸನೆಗೆ ಪಕ್ಕದ ಮನೆ ಹಸು ಬಂತು. ನೀರು ನೆಕ್ಕಿತು, ಬಟ್ಟೆಯ ಅಂಚನ್ನೂ ಬಾಯಿಗೆ ಹಾಕಿಕೊಂಡು ಮೆಲ್ಲತೊಡಗಿತು. ಮಾಚ ಕೈ ಹಚ್ಚಲಿಲ್ಲ. ಕೆಂಚವ್ವ ಓಡಿ ಬರುವಷ್ಟರಲ್ಲಿ ಒಂದು ಮೊಳ ಹಸುವಿನ ಬಾಯೊಳಗಿತ್ತು.

"ನೋಡ್ತಾ ನಿಂತಿದ್ದೀಯಲ್ಲೋ ಪೆದ್ದ!"

"ಕೈ ಹಚ್ಚಬೇಡ ಅಂದಿದ್ದೆಯಲ್ಲವ್ವ."

ಎಡಗೈಯಲ್ಲೇ ಹಸುವಿನ ದವಡೆ ಬಿಡಿಸಿ ಬಟ್ಟೆ ಎಳೆದಳು. ಹರಿದಿರಲಿಲ್ಲ, ಪುಣ್ಯ. ಬೈದಳು, ಬೈದು ಬುದ್ಧಿ ಹೇಳಿದಳು. ಇನ್ನು ಮೇಲೆ ಈ ಬಟ್ಟೆ ಹತ್ತಿರ ಯಾರು ಮೂತಿ ತಂದರೂ ಕೋಲು ತಗೊಂಡು ಅಟ್ಟು ಅಂದಳು. ಹೂಂ ಅಂದ ಮಾಚ.

ಮಾರನೆ ದಿನ ಬಟ್ಟೆಯನ್ನು ಉಬ್ಬೆಗೆ ಹಾಕಿದರು. ಕೆಳಗೆ ನೀರು ಕೊತಕೊತ ಕುದಿಯಬೇಕು, ಮೇಲೆ ಸುರುಳಿ ಸುತ್ತಿದ ಬಟ್ಟೆ ಹಬೆಯಲ್ಲಿ ಬೇಯಬೇಕು, ನೂಲಿನೊಳಗಿನ ಕೊಳೆ ಸಡಿಲಾಗಬೇಕು. ಕೆಂಚವ್ವ ಸೌದೆ ತರಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ತಾಯಮ್ಮ ಬಂದಳು. ಎಲ್ಲಿಗೆ ಬಂತು ಕೆಲಸ ಅಂತ ಬಗ್ಗಿ ಉಬ್ಬೆಯ ಮೇಲೆ ಮೂತಿ ತಂದಳು.

ಹಿತ್ತಲಿಗೆ ಕೇಳಿಸಿದ್ದು ತಾಯಮ್ಮನ ಕೂಗು. ಕೆಂಚವ್ವ ಬೀದಿಗೆ ಬಂದು ನೋಡಿದರೆ, ಪಟೇಲರ ಹೆಂಡತಿ ಸೀರೆ ಎತ್ತಿ ಹಿಡಿದು ಓಡುತ್ತಿದ್ದಾಳೆ. ಹಿಂದೆ ಮಾಚ, ಹಸುವಿಗೆ ಅನ್ನುವ ಹಾಗೆ ಹೋ ಹೋ ಅನ್ನುತ್ತಾ, ಕೋಲು ಬೀಸುತ್ತಾ, ಅವಳನ್ನು ಅವಳ ಕೊಟ್ಟಿಗೆಯೊಳಕ್ಕೆ ಅಟ್ಟಿ ಬಾಗಿಲ ಅಗಣಿ ಹಾಕಿ ಬಂದ.

ಕೆಂಚವ್ವ ಹೋಗಿ ಅಗಣಿ ತೆಗೆದಳು, ಕಾಲಿಗೆ ಬಿದ್ದಳು. ತಾಯಮ್ಮ ಸೀರೆ ಕೊಡವಿಕೊಂಡಳು. ಮಲ್ಲಿಗೆ ಪಕ್ಕ ಇಟ್ಟು ನೋಡ್ತೀನಿ ಅಂತ ಅಷ್ಟೇ ಅಂದಳು. ಬೈದಿದ್ದರೆ ಕೆಂಚವ್ವನಿಗೆ ಹಗುರಾಗುತ್ತಿತ್ತು.

ಮನೆಗೆ ಬಂದು ಮಗನಿಗೆ ಹೇಳಿದಳು: "ಯಾರಿಗೂ ಕೋಲೆತ್ತಬೇಡ ನಮ್ಮಪ್ಪ. ಯಾರೇ ಬರಲಿ, ಕೈ ಮುಗಿ, ಪಕ್ಕಕ್ಕೆ ಸರಿ, ದಾರಿ ಬಿಡು." ಹೂಂ ಅಂದ ಮಾಚ.

ಆಮೇಲೆ ಒಗೆದದ್ದಾಯಿತು, ನಿಂಬೆಹುಳಿ ಹಿಂಡಿದ ನೀರಲ್ಲಿ ಅದ್ದಿದ್ದಾಯಿತು. ಉಳಿದದ್ದು ಬಿಸಿಲಿನ ಕೆಲಸ. ಕೆರೆ ಹಿಂದಿನ ಹಸಿ ಗರಿಕೆಯ ಮೇಲೆ ಹಾಸಬೇಕು, ಒಣಗಿದ ಹಾಗೆಲ್ಲ ನೀರು ಚಿಮುಕಿಸಬೇಕು. ಹುಲ್ಲಿನ ಹಸಿ, ನೆತ್ತಿಯ ಬಿಸಿಲು, ಇವೆರಡೂ ಸೇರಿ ಹಳದಿಯನ್ನು ಹೀರುತ್ತವೆ. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಕಣ್ಣು ಕುಕ್ಕುತ್ತಿತ್ತು. ಕೆಂಚವ್ವನ ಉಸಿರು ತುಸು ಸಡಿಲಾಯಿತು. ಒಂದು ತುತ್ತು ಉಂಡು ಬರುತ್ತೇನೆ ಅಂತ ಮನೆಗೆ ಹೋದಳು.

ತಿರುಗಿ ಬಂದಾಗ ಕೆರೆಯಿಂದೆದ್ದ ಎಮ್ಮೆಗಳು ಸಾಲಾಗಿ ನಡೆಮಡಿಯ ಉದ್ದಕ್ಕೂ ನಡೆದು ಹೋಗುತ್ತಿದ್ದವು, ಮದುವಣಿಗರ ಹಾಗೆ, ನಿಧಾನವಾಗಿ. ಮಾಚ ಪಕ್ಕಕ್ಕೆ ಸರಿದು ಒಂದೊಂದಕ್ಕೂ ಕೈ ಮುಗಿಯುತ್ತಿದ್ದ.

ಕೆಂಚವ್ವ ನೆಲಕ್ಕೆ ಕೂತಳು. ಮದುವೆಗೆ ಉಳಿದದ್ದು ಒಂದೇ ದಿನ. ಆಮೇಲೆ ಎದ್ದು ಮಗನ ಕಿವಿ ಹಿಡಿದು, ಬಟ್ಟೆಯನ್ನು ಬೆರಳಿಟ್ಟು ತೋರಿಸಿ ಹೇಳಿದಳು.

"ಇದರ ಮೇಲೆ ಇನ್ನು ಯಾರ ಕಾಲೂ ಬೀಳಬಾರದು. ಯಾರೇ ಆಗಲಿ, ಕಾಲೆತ್ತಿದ್ದು ಕಂಡೆಯೋ, ಸರಕ್ ಅಂತ ಎಳಕೊಂಡುಬಿಡು. ತಿಳೀತಾ?"

"ಯಾರೇ ಆಗಲಿ," ಅಂದ ಮಾಚ.

ಮತ್ತೆ ಸವುಳು, ಮತ್ತೆ ಉಬ್ಬೆ, ಮತ್ತೆ ನಿಂಬೆಹುಳಿ, ಮತ್ತೆ ಗರಿಕೆ. ಕೊನೆಗೆ ಒಂದು ತೊಟ್ಟು ನೀಲಿ. ದಬ್ಬೆ ಕಟ್ಟಿದ ಕೈ ಉರಿಯುತ್ತಿದ್ದರೂ ಕೆಂಚವ್ವ ಬಟ್ಟೆಯ ಪಕ್ಕ ಬಿಟ್ಟು ಏಳಲಿಲ್ಲ. ಮದುವೆಯ ಬೆಳಿಗ್ಗೆ ತಾಯಮ್ಮ ಒಂದು ಮೊಳ ಮಲ್ಲಿಗೆ ತಂದು ಬಟ್ಟೆಯ ಮೇಲಿಟ್ಟಳು. ನೋಡಿದಳು, ತಿರುಗಿಸಿ ನೋಡಿದಳು. ಮಲ್ಲಿಗೆಯೇ ತುಸು ಮಾಸಲು ಕಂಡಿತು.

"ಹಾಸು," ಅಂದಳು. "ಹಾಸಿದ ಮೇಲೆ ಮಾತಾಡ್ತೀನಿ."

ಒಂದು ಕೈಯಲ್ಲಿ ನಡೆಮಡಿ ಹಾಸಲು ಆಗುವುದಿಲ್ಲ. ಮಾಚನೇ ಹಾಸಿದ. ಒಂದು ಸುಕ್ಕಿಲ್ಲದ ಹಾಗೆ ಹಾಸಿ, ಚಪ್ಪರದ ಕಡೆಯ ತುದಿಯಲ್ಲಿ ಅಂಚು ಹಿಡಿದು ಕೂತ. ಓಲಗ ಮೊಳಗಿತು. ಹೆಂಗಸರು ಮದುವಣಿಗನಿಗೆ ಆರತಿ ಎತ್ತಿ ಕೆಂಪು ಓಕುಳಿಯನ್ನು ಅವನ ಕಾಲ ಹತ್ತಿರ ಚೆಲ್ಲಿದರು. ನೆಲ ಕೆಸರಾಯಿತು. ಮದುವಣಿಗ ಬಲಗಾಲು ಎತ್ತಿದ. ಮಾಚನ ಕಣ್ಣು ಆ ಕಾಲಿನ ಮೇಲೇ ನೆಟ್ಟಿತ್ತು.

ಆಗ ಕೆಂಚವ್ವನಿಗೆ ನೆನಪಾಯಿತು. ಮಾಚಾ ಅಂತ ಬಾಯಿ ತೆರೆಯುವಷ್ಟರಲ್ಲಿ,

ಸರಕ್.

ಮದುವಣಿಗ ಜಾರಿ ಓಕುಳಿಯ ಕೆಸರಲ್ಲಿ ಕೂತಿದ್ದ. ಓಲಗ ನಿಂತಿತು. ಮಾಚ ನಡೆಮಡಿಯನ್ನು ಎದೆಗವಚಿಕೊಂಡು, ಒಂದು ಕಾಲೂ ಬೀಳಲಿಲ್ಲವ್ವ ಅಂದ.

ಬೀಗರ ಕಡೆಯವರು ತೋಳೇರಿಸಿದರು. ತಾಯಮ್ಮ ನಡೆಮಡಿ ನೋಡಿದಳು, ಹಾಲಿನ ಹಾಗಿತ್ತು. ಅಳಿಯನ ರೇಷ್ಮೆಯಂಚಿನ ಬಿಳಿ ಪಂಚೆ ನೋಡಿದಳು, ಸೊಂಟದಿಂದ ಕೆಳಗೆ ಕೆಂಪು. ಈ ಕಲೆಗೆ ಲಾಂಡ್ರಿಯವನ ಪುಡಿ ಹಾಕಿದರೆ ರೇಷ್ಮೆ ಉಳಿಯೋಲ್ಲ ಅಂತ ಯಾರೋ ಅಂದರು. ತಾಯಮ್ಮ ತಡೆದು ತಡೆದು ಕೇಳಿದಳು.

"ಕೆಂಚವ್ವ, ಇದು ಹೋಗುತ್ತಾ?"

"ಹೋಗುತ್ತೆ ಅಮ್ಮಾವ್ರೇ. ಒಣಗೋದ್ರೊಳಗೆ ಕೆರೇಲಿ ನೆನೆಹಾಕಬೇಕು."

"ಹೋಗೋ ಹಾಗೆ ಮಾಡು. ಈ ಊರ ನಡೆಮಡಿ ಕೊನೇವರೆಗೂ ನಿಂದೇ."

ಕೆಂಚವ್ವನ ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ ಕೆಸರಲ್ಲಿ ಮದುವಣಿಗನಿಲ್ಲ. ಮಾಚ ಅವನನ್ನು ಬಟ್ಟೆಗಂಟಿನ ಹಾಗೆ ಹೆಗಲಿಗೆ ಹಾಕಿಕೊಂಡು ಕೆರೆಯ ದಾರಿ ಹಿಡಿದಿದ್ದ, ಒಣಗೋದ್ರೊಳಗೆ ಅನ್ನುತ್ತಾ. ಬೀಗರು ಅವನ ಹಿಂದೆ ಓಡಿದರು. ಏನು ಮಾಡಬೇಕೋ ತಿಳಿಯದೆ ಓಲಗದವರೂ ಊದುತ್ತಾ ಓಡಿದರು.

ಅವರೆಲ್ಲರಿಗಿಂತ ಮುಂದೆ ಓಡಿದವಳು ಕೆಂಚವ್ವ. ನೆನೆಹಾಕಿದ ಮೇಲೆ ಏನು ಮಾಡಬೇಕು ಅಂತ ಆ ಮಗನಿಗೆ ಕಲಿಸಿದವಳು ಅವಳೇ. ತುದಿ ಹಿಡಿದು ಎತ್ತು, ತಲೆಯ ಮೇಲಿಂದ ಬೀಸು, ಕಲ್ಲಿಗೆ ಬಡಿ.

"ಮಾಚಾ," ಅಂತ ಕೂಗುತ್ತಿದ್ದಳು, "ನೆನೆಹಾಕು ಸಾಕು ಮಗಾ! ಒಗೀಬೇಡ!"